ಒಣಗಿದ ಚೀಲ

ದೊಡ್ಡಣ್ಣ ವಾರ್ಡಿಗೆ ಬಂದರೆ ಮೊದಲು ತಮ್ಮನ ಮುಖ ನೋಡುತ್ತಿರಲಿಲ್ಲ, ಮಂಚದ ಪಕ್ಕಕ್ಕೆ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲ ನೋಡುತ್ತಿದ್ದ. ತಮ್ಮನ ಹೊಟ್ಟೆಯ ಬಲಗಡೆ ತೂತು ಮಾಡಿ ಇಳಿಸಿದ್ದ ಟ್ಯೂಬು ಆ ಚೀಲಕ್ಕೆ ಬಂದು ಸೇರುತ್ತಿತ್ತು. ಒಳಗೆ ಹೊಲಿಗೆ ಹಾಕಿದ ಕರುಳಿನ ಸುತ್ತ ಸೋರಿದ ರಕ್ತ, ಕೆಟ್ಟ ನೀರು ಎಲ್ಲ ಅದರಲ್ಲಿ ಇಳಿಯುತ್ತಿತ್ತು. ದೊಡ್ಡಣ್ಣ ಕಸಾಯಿ ಅಂಗಡಿಯವನು. ರಕ್ತ ನೋಡಿ ಲೆಕ್ಕ ಹೇಳುವುದು ಅವನ ಕಸುಬು. ರಕ್ತ ಪೂರ್ತಿ ಬಸಿದು ನಿಂತರೆ ಮಾಂಸ ಕೆಡುವುದಿಲ್ಲ ಎಂಬುದು ಅವನು ಕಲಿತ ವಿದ್ಯೆಯಲ್ಲೆಲ್ಲ ಮೊದಲನೆಯದು. ಆದ್ದರಿಂದ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ, "ಇನ್ನೂ ಕೆಂಪು," ಎನ್ನುತ್ತಿದ್ದ. ಆಮೇಲೆ ಹೊರಗೆ ಹೋಗಿ ಯಾರದಾದರೂ ಮೂಳೆ ಮುರಿಯುತ್ತಿದ್ದ.

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಇದನ್ನು ನೋಡುತ್ತಿದ್ದವಳು ನಡುವಿನವಳು. ದೊಡ್ಡಣ್ಣನಿಗೆ ತಂಗಿ, ಮಂಚದಲ್ಲಿ ಮಲಗಿದ್ದ ಪುಟ್ಟನಿಗೆ ಅಕ್ಕ, ಪುಟ್ಟನ ಹೊಟ್ಟೆಗೆ ಚಾಕು ಹಾಕಿದವನಿಗೆ ಹೆಂಡತಿ. ಇಂಥ ಜಾಗದಲ್ಲಿ ಯಾರೂ ಬೇಕೆಂದು ಹೋಗಿ ಕೂರುವುದಿಲ್ಲ.

ಮೂಳೆ ಮುರಿಯುತ್ತಿದ್ದ ಅಂದದ್ದು ಮಾತಿಗೆ ಅಂದದ್ದಲ್ಲ. ಮೊದಲ ಸಲ ಚೀಲ ನೋಡಿ ಹೋದವನು, ಅವಳ ಗಂಡನ ಜೊತೆ ದಿನಾ ಚಹಾ ಕುಡಿಯುತ್ತಿದ್ದ ಸೈಕಲ್ ರಿಪೇರಿಯವನ ಕೈಯನ್ನು ಅವನದೇ ಅಂಗಡಿಯ ಹೊಸ್ತಿಲ ಮೇಲೆ ಒತ್ತಿಹಿಡಿದು, ಶಟರ್ ದಡಕ್ಕನೆ ಎಳೆದಿದ್ದ. ಎಲ್ಲಿದ್ದಾನೆ ಹೇಳು ಅಂದರೆ ಆ ಬಡಪಾಯಿ ಎಲ್ಲಿಂದ ಹೇಳಬೇಕು? ಎರಡನೇ ಸಲ ಗಂಡನ ಚಿಕ್ಕಪ್ಪನ ಮಗನ ಬಾಯಿಗೆ ತೂಕದ ಬಟ್ಟಿನಿಂದ ಹೊಡೆದು ಮುಂದಿನ ಹಲ್ಲು ಅಷ್ಟನ್ನೂ ಉದುರಿಸಿದ. ಅದಾದ ಮೇಲೆ ಅವಳ ಅತ್ತೆಯ ಮನೆಗೆ ಹೋದ. ಮುದುಕಿಯ ಮೈ ಮುಟ್ಟಲಿಲ್ಲ, ಅಷ್ಟು ಮರ್ಯಾದೆ ಅವನಲ್ಲಿ ಉಳಿದಿತ್ತು. ಬಾಗಿಲಿಗೆಲ್ಲ ಸೀಮೆಎಣ್ಣೆ ಸುರಿದ. ಬೆಂಕಿಪೊಟ್ಟಣವನ್ನು ಮುದುಕಿಯ ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿದ.

"ಇವತ್ತು ಹಚ್ಚಲ್ಲ ಅಜ್ಜಿ. ನಾಳೆ ಚೀಲ ನೋಡ್ಕೊಂಡು ಬರ್ತೀನಿ."

ಅದನ್ನೂ ಅವನೇ ಬಂದು ತಂಗಿಗೆ ಹೇಳಿದ. ಹೇಳುವಾಗ ಅವನ ಅಂಗಿಯಿಂದ ಸೀಮೆಎಣ್ಣೆ ವಾಸನೆ ಬರುತ್ತಿತ್ತು.

ಜಗಳ ಹುಟ್ಟಿದ್ದು ಒಂದು ಮೀಸೆಯಿಂದ. ನಂಬುವುದು ಕಷ್ಟ, ಆದರೆ ನಿಜ. ಅವಳ ಗಂಡ ಮನೆಅಳಿಯ. ಅಣ್ಣತಮ್ಮಂದಿರ ಅಂಗಡಿಯಲ್ಲೇ ಕೆಲಸ. ಮೂಳೆಯಿಂದ ಮಾಂಸ ಬಿಡಿಸುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಪುಟ್ಟನಿಗೆ ಬಾಯಿ ಜಾಸ್ತಿ. ಅಂಗಡಿ ತುಂಬ ಗಿರಾಕಿಗಳಿದ್ದ ಹೊತ್ತಲ್ಲಿ ಅವನಿಗೆ ತಮಾಷೆ ಮಾಡುವ ಹುಕಿ ಬಂತು.

"ಅಲ್ಲ ಭಾವ, ಅನ್ನ ನಮ್ಮದು, ಚಾಕು ನಮ್ಮದು, ಮಲಗೋ ಮಂಚಾನೂ ನಮ್ಮದು. ನಿಂದು ಅಂತ ಇರೋದು ಏನು, ಆ ಮೀಸೆ ಒಂದೇನಾ?"

ಗಿರಾಕಿಗಳು ನಕ್ಕರು. ಗಂಡನೂ ನಕ್ಕ. ವರ್ಷಗಟ್ಟಲೆ ನಕ್ಕು ನಕ್ಕು ಅವನಿಗೆ ಅದು ಅಭ್ಯಾಸವಾಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಪುಟ್ಟ ಕೈ ಚಾಚಿ, "ಇದಾದ್ರೂ ಅಸಲಿಯೋ ಅಲ್ವೋ ನೋಡೋಣ," ಅಂತ ಎಲ್ಲರೆದುರು ಮೀಸೆ ಹಿಡಿದು ಜಗ್ಗಿದ. ಗಂಡನ ಕೈಯಲ್ಲಿ ಸಣ್ಣಲಗಿನ ಚಾಕು ಇತ್ತು. ತಕ್ಕಡಿಯ ಹತ್ತಿರ ನಿಂತಿದ್ದ ನಡುವಿನವಳು ಕಣ್ಣಾರೆ ನೋಡಿದಳು: ಚಾಕು ಒಳಗೆ ಹೋಯಿತು, ಒಂದು ಸುತ್ತು ತಿರುಗಿತು, ಆಮೇಲೆ ಈಚೆ ಬಂತು. ಮೂಳೆ ಬಿಡಿಸಿ ಪಳಗಿದ ಕೈ ಅದು. ತಿರುವದೆ ಎಳೆಯುವುದು ಅದಕ್ಕೆ ಗೊತ್ತೇ ಇರಲಿಲ್ಲ. ಪುಟ್ಟ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. ಬೆರಳ ಸಂದಿಯಿಂದ ಕರುಳಿನ ಒಂದು ಮಡಿಕೆ, ಬೂದುಬಣ್ಣದ್ದು, ಹೊಳೆಯುತ್ತ ಹೊರಗೆ ಬಂತು. ಅಂಗಡಿಯಲ್ಲಿ ದಿನಾ ನೋಡುವ ವಸ್ತುವೇ. ಆದರೂ ಗಿರಾಕಿಗಳೆಲ್ಲ ಕಿರುಚಿಕೊಂಡು ಓಡಿದರು.

ಆ ಗದ್ದಲದಲ್ಲಿ, ದೊಡ್ಡಣ್ಣ ಅಂಗಡಿಗೆ ಬರುವ ಮೊದಲೇ, ಗಂಡನನ್ನು ಬಚ್ಚಿಟ್ಟವಳು ಅವಳೇ. ಅದೂ ಎಲ್ಲಿ? ಅಂಗಡಿಯ ಮೇಲಿನ ಅಟ್ಟದಲ್ಲಿ, ಹಳೇ ತಕ್ಕಡಿ, ಉಪ್ಪಿನ ಮೂಟೆಗಳ ಹಿಂದೆ. ದೊಡ್ಡಣ್ಣ ಊರೆಲ್ಲ ಜಾಲಾಡಿದರೂ ತನ್ನ ತಲೆಯ ಮೇಲೆ ಹುಡುಕುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಬೆಳಿಗ್ಗೆ ಶಟರ್ ಅರ್ಧ ಎತ್ತಿ ಒಳಗೆ ಬಂದು, ಕಲ್ಲಿನ ಮೇಲೆ ಚಾಕು ಮಸೆಯುತ್ತ ಕೂರುತ್ತಿದ್ದ. ಹಲಗೆಯ ಮೇಲೆ, ಅವನ ನೆತ್ತಿಗೆ ನೇರವಾಗಿ, ಗಂಡ ಉಸಿರು ಬಿಗಿಹಿಡಿದು ಮಲಗಿರುತ್ತಿದ್ದ. ಪೊಲೀಸರು ಬಂದು ಬರೆದುಕೊಂಡು ಹೋಗಿದ್ದರು. ಹುಡುಕುತ್ತಿದ್ದೇವೆ ಎನ್ನುತ್ತಿದ್ದರು. ಅವರು ಹುಡುಕುತ್ತಲೇ ಇದ್ದರು.

ಕದ್ದುಮುಚ್ಚಿ ಊಟ ಕೊಡಲು ಹೋದಾಗ ಅವಳು ಗಂಡನಿಗೆ, "ನಿನ್ನ ಕೈ ಸೇದಿಹೋಗ," ಎಂದು ಬೈದಳು. ಕೆನ್ನೆಗೆ ಬಾರಿಸಿದಳು. ಅವನು ಬಾರಿಸಿಕೊಂಡ. ಆಮೇಲೆ ಅವನು ಬಿಕ್ಕಿ ಬಿಕ್ಕಿ ಅಳುವುದನ್ನು ತಡೆಯಲು ತನ್ನ ಸೆರಗನ್ನೇ ಅವನ ಬಾಯಿಗೆ ತುರುಕಿದಳು, ಯಾರಿಗಾದರೂ ಕೇಳಿಸೀತು ಅಂತ. ಅವನ ಮೇಲೆ ಅವಳಿಗೆ ಕೊಲ್ಲುವಷ್ಟು ಸಿಟ್ಟಿತ್ತು, ಅವನು ಸಾಯಬಾರದು ಎಂಬ ಹಟವೂ ಇತ್ತು. ದೊಡ್ಡಣ್ಣ ಅವನನ್ನು ಕೊಂದರೆ ಒಬ್ಬ ಮಣ್ಣಿಗೆ, ಒಬ್ಬ ಜೈಲಿಗೆ, ಒಬ್ಬ ಇಲ್ಲಿ ಮಂಚದ ಮೇಲೆ. ಅವಳಿಗೆ ಉಳಿಯುವುದು ತಕ್ಕಡಿ.

ಸೀಮೆಎಣ್ಣೆಯ ಮಾತು ಕೇಳಿದ ಮಾರನೆಯ ದಿನ, ದೊಡ್ಡಣ್ಣ ಬರುವ ಹೊತ್ತಾಗುವಾಗ, ಚೀಲ ಮತ್ತೆ ಕೆಂಪಗೆ ತುಂಬಿತ್ತು. ಅವಳಿಗೆ ಬೇರೇನೂ ಹೊಳೆಯಲಿಲ್ಲ. ವಾರ್ಡಿನ ಆಯಾಳಿಗೆ ಹೇಳಿ ಚೀಲ ಖಾಲಿ ಮಾಡಿಸಿದಳು. ಆಯಾ ಅತ್ತ ಹೋದ ಮೇಲೆ ಹೊದಿಕೆಯೊಳಗೆ ಕೈ ಹಾಕಿ, ಹೊಟ್ಟೆಗೆ ಸುತ್ತಿದ್ದ ಅಗಲ ಪಟ್ಟಿಯ ಅಡಿಯಲ್ಲಿ ಟ್ಯೂಬನ್ನು ಎರಡಾಗಿ ಮಡಿಸಿದಳು. ತನ್ನ ಜಡೆಯ ರಬ್ಬರ್ ಬ್ಯಾಂಡು ಕಿತ್ತು ಅದಕ್ಕೆ ಬಿಗಿಯಾಗಿ ಸುತ್ತಿದಳು.

"ಏನಕ್ಕ?" ಎಂದ ಪುಟ್ಟ, ಔಷಧಿಯ ಮಂಪರಿನಲ್ಲಿ.

"ಏನಿಲ್ಲ ಕಣೋ. ಪಟ್ಟಿ ಸರಿ ಮಾಡ್ದೆ."

ದೊಡ್ಡಣ್ಣ ಬಂದ. ಚೀಲ ಎತ್ತಿ ಬೆಳಕಿಗೆ ಹಿಡಿದ. ತಳದಲ್ಲಿ ಒಂದೆರಡು ಹನಿ ಬಿಟ್ಟರೆ ಏನೂ ಇರಲಿಲ್ಲ.

"ನಿಂತಿತೇನೇ?"

"ನಿಂತಂಗಿದೆ ಅಣ್ಣ."

ಆ ಮನುಷ್ಯನ ಮುಖ ನೋಡಬೇಕಿತ್ತು. ಅಷ್ಟು ದಪ್ಪ ಕುತ್ತಿಗೆ, ಅಷ್ಟಗಲ ಎದೆ, ಎಲ್ಲ ಸಡಿಲಾಗಿ ಹೋಯಿತು. ಸ್ಟೂಲಿನ ಮೇಲೆ ಕುಸಿದು, ಹತ್ತಿಯನ್ನು ನೀರಿಗೆ ಅದ್ದಿ ಪುಟ್ಟನ ತುಟಿ ಒರೆಸಿದ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಸದ ಬುಟ್ಟಿಗೆ ಎಸೆದ. ಆ ದಿನ ಊರಲ್ಲಿ ಯಾರಿಗೂ ಏಟು ಬೀಳಲಿಲ್ಲ. ಅವನು ಹೋದ ತಕ್ಷಣ ಅವಳು ಬ್ಯಾಂಡು ಬಿಚ್ಚಿದಳು. ತಡೆದಿದ್ದದ್ದೆಲ್ಲ ಬುಳಬುಳ ಚೀಲಕ್ಕೆ ಇಳಿಯಿತು. ಅವಳಿಗೂ ಉಸಿರು ಬಂತು.

ಹೀಗೆ ಕಟ್ಟುವುದು, ಬಿಚ್ಚುವುದು ನಡೆಯಿತು. ಸಿಸ್ಟರ್ ಬಂದು ಚೀಲ ನೋಡುವ ಹೊತ್ತಿಗೆ ಎಲ್ಲ ಸರಿ ಇರುತ್ತಿತ್ತು. ತಾನು ಜಾಣೆ ಎಂದು ಅವಳಿಗೆ ಒಳಗೊಳಗೇ ಅನ್ನಿಸಿದ್ದು ಸುಳ್ಳಲ್ಲ. ಗಂಡನಿಗೆ ಅಟ್ಟದಿಂದ ಇಳಿದು ಹೋಗುವ ದಾರಿಯೊಂದು ಸಿಗುವವರೆಗೆ ಇಷ್ಟು ಸಾಕು ಅಂದುಕೊಂಡಳು.

ಕೆಡಿಸಿದ್ದು ದೊಡ್ಡಣ್ಣನ ಪ್ರೀತಿ. ಒಂದು ಸಂಜೆ ಚೀಲ ಒಣಗಿದ್ದು ನೋಡಿ ಹಿಗ್ಗಿ, "ಎದ್ದೇಳು. ನಿನ್ನ ಕಣ್ಣು ನೋಡು, ಗುಂಡಿ ಬಿದ್ದೋಗಿದೆ. ಇವತ್ತು ನಾನು ಕೂತ್ಕೋತೀನಿ, ನೀನು ಮನೆಗೆ ಹೋಗಿ ಮಲ್ಕೋ," ಎಂದ.

"ಬೇಡಣ್ಣ, ನಾನೇ ಇರ್ತೀನಿ."

"ಏಳೇ ಅಂದ್ರೆ."

"ಒಂದ್ನಿಮಿಷ, ಅವನ ಹೊದಿಕೆ ಸರಿ ಮಾಡಿ..."

"ಮಲಗಿದ್ದಾನೆ, ಮುಟ್ಬೇಡ!"

ಅವನ ಪ್ರೀತಿಗೂ ಏಟಿಗೂ ಹೆಚ್ಚು ಅಂತರವಿರಲಿಲ್ಲ. ರೆಟ್ಟೆ ಹಿಡಿದು ಎತ್ತಿದ ರಭಸಕ್ಕೆ ಸ್ಟೂಲು ಉರುಳಿತು. ಅವಳು ಮಂಚದ ಕಂಬಿ ಹಿಡಿದುಕೊಂಡಳು. ಅವನು ಬೆರಳು ಒಂದೊಂದಾಗಿ ಬಿಡಿಸಿದ. ಕಾರಿಡಾರಿನುದ್ದಕ್ಕೂ ಎಳೆದುಕೊಂಡೇ ಹೋಗಿ ಗೇಟಿನಲ್ಲಿ ಗುರುತಿನವನ ಗಾಡಿ ಹತ್ತಿಸಿ, ಮನೆ ಬಾಗಿಲಲ್ಲೇ ಇಳಿಸು ಎಂದ. ಹೆಂಡತಿಗೆ ಫೋನು ಮಾಡಿ, "ಇವಳು ತಿರುಗಿ ಓಡಿಬರ್ತಾಳೆ. ಉಣ್ಣಿಸಿ ಮಲಗ್ಸು, ಹೊರಗಿಂದ ಚಿಲಕ ಹಾಕು," ಎಂದ. ಅತ್ತಿಗೆ ಗಂಡ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು, ಯಾಕೆಂದರೆ ತಪ್ಪಿದರೆ ಏನಾಗುತ್ತದೆ ಎಂದು ಅವಳ ಬೆನ್ನಿಗೆ ಗೊತ್ತಿತ್ತು. ಚಿಲಕ ಬಿತ್ತು.

ನಡುವಿನವಳು ಬಾಗಿಲು ಗುದ್ದಿದಳು. ಮುಷ್ಟಿಯ ಚರ್ಮ ಸುಲಿಯುವವರೆಗೆ ಗುದ್ದಿದಳು.

"ಏನಮ್ಮ ಅಂಥದ್ದು? ನಂಗಾದ್ರೂ ಹೇಳು," ಎಂದಳು ಅತ್ತಿಗೆ ಆಚೆಯಿಂದ.

ಒಂದು ಮಾತು ಸಾಕಿತ್ತು. ಟ್ಯೂಬು ಕಟ್ಟಿದ್ದೀನಿ, ಬಿಚ್ಚೋಕೆ ಹೇಳು. ಅಷ್ಟೇ. ಆದರೆ ಆ ಮಾತು ಫೋನಿನಲ್ಲಿ ದೊಡ್ಡಣ್ಣನಿಗೆ ಮುಟ್ಟಿದ ಗಳಿಗೆಯೇ ಅವನು ಎದ್ದು ಹೊರಡುತ್ತಿದ್ದ, ಅತ್ತೆಯ ಮನೆಗೋ, ಇನ್ನೆಲ್ಲಿಗೋ. ಸಿಸ್ಟರ್ ನೋಡಿಯೇ ನೋಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಬ್ಯಾಂಡು ಹಳೆಯದು, ತಾನಾಗಿ ಹರಿದುಹೋಗುತ್ತದೆ ಎಂದೂ ಹೇಳಿಕೊಂಡಳು.

"ಏನಿಲ್ಲ ಅತ್ತಿಗೆ," ಎಂದಳು.

ಇದನ್ನು ಅವಳ ಪರವಾಗಿ ಮುಚ್ಚಿಹಾಕುವ ಹಾಗಿಲ್ಲ. ಬಾಗಿಲ ಆಚೆ ಕಿವಿಯೊಂದು ಕಾದಿತ್ತು, ಇವಳು ಹೇಳಲಿಲ್ಲ.

ಬೆಳಿಗ್ಗೆ ಚಿಲಕ ತೆಗೆದ ಅತ್ತಿಗೆಯನ್ನು ಪಕ್ಕಕ್ಕೆ ತಳ್ಳಿ ಬರಿಗಾಲಲ್ಲಿ ಓಡಿದಳು. ವಾರ್ಡಿನ ಬಾಗಿಲಿಗೆ ಬರುವ ಮೊದಲೇ ಕೂಗಾಟ ಕೇಳಿಸಿತು. ಒಳಗೆ ರೋಗಿಗಳು ಮಂಚ ಬಿಟ್ಟು ಗೋಡೆಗೆ ಅಂಟಿ ನಿಂತಿದ್ದರು. ವಾರ್ಡ್ ಬಾಯ್ ನೆಲದಲ್ಲಿ ಕೂತು ಮುರಿದ ಮೂಗು ಹಿಡಿದುಕೊಂಡಿದ್ದ, ಅಂಗಿಯ ಮುಂಭಾಗವೆಲ್ಲ ರಕ್ತ. ದೊಡ್ಡಣ್ಣ ಎಳೆ ವಯಸ್ಸಿನ ಡ್ಯೂಟಿ ಡಾಕ್ಟರನ್ನು ಕುತ್ತಿಗೆ ಹಿಡಿದು ಗೋಡೆಗೆ ಎತ್ತಿದ್ದ. ಡಾಕ್ಟರ ಕನ್ನಡಕ ಕಾಲಡಿಯಲ್ಲಿ ಪುಡಿಯಾಗಿತ್ತು.

"ರಾತ್ರಿ ಚೀಲ ನೋಡಿ ಒಣಗಿದೆ ಅಂದ್ಯಲ್ಲೋ! ಟ್ಯೂಬ್ ತೆಗೀಬಹುದು ಅಂದ್ಯಲ್ಲೋ!" ಒಂದೊಂದು ಮಾತಿಗೂ ತಲೆಯನ್ನು ಗೋಡೆಗೆ ಬಡಿಯುತ್ತಿದ್ದ. "ಒಣಗಿದ್ರೆ ಇವನ್ಯಾಕೆ ಹಿಂಗಾದ? ಹೇಳೋ!"

ಪುಟ್ಟನ ಹೊಟ್ಟೆ ಗುಡಾಣದ ಹಾಗೆ ಉಬ್ಬಿತ್ತು. ಮೈ ಕೆಂಡ, ತುಟಿ ಬೂದಿ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು. ಟ್ಯೂಬಿನ ಬುಡದ ಬಟ್ಟೆ ಹಸಿರು ಹಳದಿ ನೀರಿನಲ್ಲಿ ತೊಯ್ದು ಹಾಸಿಗೆಯೂ ನೆನೆದಿತ್ತು. ಕೊಕ್ಕೆಯಲ್ಲಿ ಚೀಲ ಮಾತ್ರ ಒಣಗಿಕೊಂಡು ಅಚ್ಚುಕಟ್ಟಾಗಿ ನೇತಾಡುತ್ತಿತ್ತು. ಡಾಕ್ಟರು ಪಟ್ಟಿ ಬಿಚ್ಚಿ ನೋಡಲು ಕೈ ಹಾಕಿದಾಗಲೇ ದೊಡ್ಡಣ್ಣ ಅವರ ಕುತ್ತಿಗೆಗೆ ಕೈ ಹಾಕಿದ್ದನಂತೆ. ಈಗ ಅವನ ಇನ್ನೊಂದು ಕೈ ಸೊಂಟಕ್ಕೆ ಹೋಯಿತು. ದಿನಾ ಬೆಳಿಗ್ಗೆ ಮಸೆದು ಇಟ್ಟುಕೊಳ್ಳುತ್ತಿದ್ದ ಚಾಕು ಈಚೆ ಬಂತು.

"ಅಣ್ಣಾ, ಅವರನ್ನ ಬಿಡು! ಅವರಲ್ಲ, ನಾನು!"

ಅವಳು ಮಂಚದ ಮೇಲೆ ಬಿದ್ದು ಪಟ್ಟಿಯನ್ನು ಕಿತ್ತಳು. ಬ್ಯಾಂಡು ಒದ್ದೆಯಾಗಿ ಟ್ಯೂಬಿಗೆ ಕಚ್ಚಿಕೊಂಡಿತ್ತು. ಉಗುರು ಹಾಕಿದಳು, ಹಲ್ಲು ಹಾಕಿದಳು. ಬ್ಯಾಂಡು ಬಂತು. ಮರುಗಳಿಗೆ ಟ್ಯೂಬು ಹಾವಿನ ಹಾಗೆ ಸೆಟೆದು ನೆಟ್ಟಗಾಯಿತು. ಪುಟ್ಟನ ಗಂಟಲಿಂದ ಒಂದು ಕೂಗು ಹೊರಟಿತು. ಕಪ್ಪುಗಟ್ಟಿದ ರಕ್ತ, ಕೀವು, ಪಿತ್ತ ಒಟ್ಟಿಗೆ ನುಗ್ಗಿ ಬಂದ ರಭಸಕ್ಕೆ ಚೀಲ ಟ್ಯೂಬಿನ ಬಾಯಿಂದ ಕಳಚಿ ಹಾರಿತು. ಎಲ್ಲ ದೊಡ್ಡಣ್ಣನ ಪಾದದ ಮೇಲೆ ಸುರಿಯಿತು. ಆ ವಾಸನೆಗೆ ಅಂಗಡಿಯಲ್ಲೇ ಹುಟ್ಟಿ ಬೆಳೆದವನೂ ಮುಖ ತಿರುಗಿಸಿದ.

ಡಾಕ್ಟರು ಗೋಡೆಯಿಂದ ಜಾರಿ ಕೆಳಗೆ ಬಿದ್ದರು. ದೊಡ್ಡಣ್ಣ ತಂಗಿಯ ಕೈಯಲ್ಲಿದ್ದದ್ದನ್ನು ನೋಡಿದ. ಕಪ್ಪು ಬ್ಯಾಂಡು, ಅದಕ್ಕೆ ಸುತ್ತಿಕೊಂಡ ಅವಳದೇ ಕೂದಲು.

"ಯಾವಾಗಿಂದ?"

"ನೀನು ಬೆಂಕಿಪೊಟ್ಟಣ ಇಟ್ಕೊಂಡು ಓಡಾಡೋಕೆ ಶುರು ಮಾಡಿದ್ಮೇಲೆ. ನೀನು ಬರೋ ಹೊತ್ತಿಗೆ ಕಟ್ತಿದ್ದೆ, ಹೋದ್ಮೇಲೆ ಬಿಚ್ತಿದ್ದೆ. ನಿನ್ನೆ ಬಿಚ್ಚೋಕೆ ನೀನು ಬಿಡ್ಲಿಲ್ಲ."

ಅವನು ಹೊಡೆದ. ಚಾಕು ಹಿಡಿದಿದ್ದ ಕೈಯ ಹಿಂಬದಿಯಿಂದಲೇ ಬೀಸಿದ. ಅವಳು ಮಂಚದ ಕಂಬಿಗೆ ಬಡಿದು ಬಿದ್ದಳು. ಒಂದು ಕಿವಿಯಲ್ಲಿ ಗುಂಯ್ ಅಂತ ಶುರುವಾದದ್ದು ನಿಲ್ಲಲೇ ಇಲ್ಲ. ಬಾಯಲ್ಲಿ ಗಟ್ಟಿಯಾದದ್ದು ಏನೋ ಸಿಕ್ಕಿತು, ಉಗಿದರೆ ಹಲ್ಲು. ಅವನು ಮತ್ತೆ ಕೈ ಎತ್ತಿದ. ಅವಳು ಮುಖ ಮುಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ಆಪರೇಷನ್ ಮಾಡಿದ್ದ ದೊಡ್ಡ ಡಾಕ್ಟರಮ್ಮ ಓಡಿಬಂದರು. ನೆಲ ನೋಡಿದರು, ಹೊಟ್ಟೆ ನೋಡಿದರು. "ಹೊಡೆದಾಡೋದಿದ್ರೆ ಬೀದಿಗೆ ಹೋಗಿ ಹೊಡೆದಾಡ್ರಿ! ಇವನು ಸಾಯ್ತಾ ಇದ್ದಾನೆ, ದಾರಿ ಬಿಡ್ರಿ!" ಎಂದು ಚೀರಿದರು. ದೊಡ್ಡಣ್ಣನ ಎದೆಗೆ ಎರಡೂ ಕೈ ಕೊಟ್ಟು ನೂಕಿದರು. ಅವರ ಎತ್ತರ ಅವನ ಭುಜಕ್ಕೂ ಬರುತ್ತಿರಲಿಲ್ಲ. ಅವನು ಸರಿದ. ಚಾಕು ಕೈಯಿಂದ ಬಿತ್ತು, ಆಯಾ ಅದನ್ನು ಕಾಲಿಂದ ಮಂಚದಡಿಗೆ ಒದ್ದಳು. ಮಂಚದ ಗಾಲಿಗಳು ಗಡಗಡ ಸದ್ದು ಮಾಡುತ್ತ ಆಪರೇಷನ್ ಥಿಯೇಟರಿನ ಕಡೆ ಹೋದವು.

ಥಿಯೇಟರಿನ ಹೊರಗೆ ಒಂದು ಉದ್ದ ಬೆಂಚು. ಆ ತುದಿಗೆ ಅಣ್ಣ, ಈ ತುದಿಗೆ ತಂಗಿ. ಬ್ಯಾಂಡು ಈಗ ಅವನ ಕೈಯಲ್ಲಿತ್ತು. ತೋರುಬೆರಳಿಗೆ ಸುತ್ತುತ್ತಿದ್ದ, ಇನ್ನೊಂದು ಸುತ್ತು, ಮತ್ತೊಂದು ಸುತ್ತು.

"ಚುಚ್ಚಿದವನನ್ನ ಕೊಲ್ತೀನಿ ಅಂತ ಅವ್ವನ ಮೇಲೆ ಆಣೆ ಇಟ್ಟಿದ್ದೆ," ಎಂದ ಗೋಡೆಗೆ. "ಕಟ್ಟಿದೋಳನ್ನ ಏನು ಮಾಡ್ಲಿ?"

"ಕೊಲ್ಲು," ಎಂದಳು. ಬಾಯಿ ಊದಿಕೊಂಡು ಮಾತು ತೊದಲುತ್ತಿತ್ತು. "ಆಮೇಲೆ ನಿನ್ನನ್ನೂ ಕೊಂದ್ಕೋ. ನಿನ್ನ ಹೆದರಿಕೆಗೇ ನಾನು ಕಟ್ಟಿದ್ದು."

ಪೊಲೀಸರಿಗೆ ಫೋನು ಹೋಗಿತ್ತು. ಅವಳ ಗಂಡನನ್ನು ಹುಡುಕುತ್ತಿದ್ದ ಅದೇ ಜೋರಿನಲ್ಲಿ ಅವರು ಇವನ ಕಡೆಗೂ ಹೊರಟಿದ್ದರು ಅಂತ ಕಾಣುತ್ತದೆ, ಮಧ್ಯಾಹ್ನವಾದರೂ ಯಾರೂ ಬರಲಿಲ್ಲ.

ಪುಟ್ಟ ಜೀವಂತ ಹೊರಗೆ ಬಂದ. ಹೊಟ್ಟೆಯನ್ನು ಮತ್ತೆ ಸೀಳಿ, ತೊಳೆದು, ಬಲಕ್ಕೊಂದು ಎಡಕ್ಕೊಂದು ಟ್ಯೂಬು ಇಳಿಸಿದ್ದರು. ಈಗಲೇ ಏನೂ ಹೇಳೋಕಾಗಲ್ಲ, ಎಂದರು ಡಾಕ್ಟರಮ್ಮ. ಇಬ್ಬರನ್ನೂ ಒಳಗೆ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಅಣ್ಣ ಅಕ್ಕ ಅಂತ ಪುಟ್ಟನೇ ಕನವರಿಸುತ್ತಿದ್ದಾನೆಂದು ಬಿಟ್ಟರು.

ಎರಡು ಚೀಲಗಳೂ ಆಗಲೇ ಅರ್ಧ ತುಂಬಿದ್ದವು. ಕೆಂಪು, ಕಂದು, ದಪ್ಪ. ದೊಡ್ಡಣ್ಣ ನೋಡಿದ. ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಚಾಕು ಇರಲಿಲ್ಲ. ಅಂಗಡಿಯಲ್ಲಿ ಬೇಕಾದಷ್ಟಿದ್ದವು.

"ನೀನೇ ಬಚ್ಚಿಟ್ಟಿದ್ದೀಯ ಅವನನ್ನ," ಎಂದ ಮೆಲ್ಲಗೆ. "ಎಲ್ಲಿ ಹೇಳು. ಹೇಳಲ್ಲ ಅಂದ್ರೆ ಆ ಮುದುಕಿ ಮನೆಯಿಂದ ಶುರು ಮಾಡ್ತೀನಿ. ಪೊಲೀಸ್ನೋರು ಬರೋಷ್ಟರಲ್ಲಿ ಎರಡೂ ಮುಗಿದಿರುತ್ತೆ."

ಹೇಳಿದರೆ ಗಂಡ, ಹೇಳದಿದ್ದರೆ ಅತ್ತೆ. ಅವಳ ಕೈ ಹೊದಿಕೆಯ ಮೇಲಿತ್ತು, ಕೆಳಗೆ ಟ್ಯೂಬು ಬೆಚ್ಚಗೆ ಮಿಡುಕುತ್ತಿತ್ತು. ತಡೆದು ತಡೆದು ಅವಳಿಗೆ ಸಾಕಾಗಿತ್ತು.

"ಅಂಗಡಿ ಅಟ್ಟದಲ್ಲಿ," ಎಂದಳು. "ಉಪ್ಪಿನ ಮೂಟೆ ಹಿಂದೆ. ನೀನು ಕೂತು ಚಾಕು ಮಸೀತೀಯಲ್ಲ, ಅದರ ಮೇಲೇ."

ದೊಡ್ಡಣ್ಣನ ಬಾಯಿ ತೆರೆಯಿತು. ನಗುವೋ ಅಳುವೋ ಗೊತ್ತಾಗದ ಸದ್ದೊಂದು ಬಂತು. ಅವನು ಬಾಗಿಲ ಕಡೆ ತಿರುಗಿದ.

"ಅಣ್ಣ."

ಪುಟ್ಟನ ಕಣ್ಣು ಅರ್ಧ ತೆರೆದಿತ್ತು. ಮಂಚದ ಅಂಚಿನಿಂದ ಅವನ ಕೈ ಜಾರಿ ಬಂದು ದೊಡ್ಡಣ್ಣನ ಮಣಿಕಟ್ಟನ್ನು ಹಿಡಿದಿತ್ತು.

"ನಿನ್ನ ಬೆರಳು," ಎಂದ ಪುಟ್ಟ. ಬ್ಯಾಂಡು ಸುತ್ತಿದ್ದ ಬೆರಳು ನೇರಳೆಗಟ್ಟಿ ಊದಿತ್ತು. "ಬಿಚ್ಚು ಅದನ್ನ. ನೋಯಲ್ವಾ?"

ದೊಡ್ಡಣ್ಣ ಬೆರಳನ್ನು ಈಗಷ್ಟೇ ಕಂಡವನ ಹಾಗೆ ನೋಡಿದ.

"ಮೀಸೆ ಎಳೆದಿದ್ದು ನಾನಲ್ವಾ ಅಣ್ಣ," ಎಂದ ಪುಟ್ಟ. ಉಸಿರು ಸಾಲಲಿಲ್ಲ, ಸ್ವಲ್ಪ ತಡೆದು ಮತ್ತೆ ಹೇಳಿದ. "ಹೋಗ್ಬೇಡ. ಇಲ್ಲೇ ಕೂತ್ಕೋ."

ನಡುವಿನವಳು ಬಗ್ಗಿ ಅಣ್ಣನ ಬೆರಳಿನ ಬ್ಯಾಂಡು ಸುತ್ತು ಸುತ್ತಾಗಿ ಬಿಚ್ಚಿದಳು. ತಡೆದಿದ್ದ ರಕ್ತ ಬೆರಳಿಗೆ ತಿರುಗಿ ನುಗ್ಗಿದಾಗ, ಒಂದೇ ಕೈಯಲ್ಲಿ ದನ ಎತ್ತುವ ಆ ಮನುಷ್ಯ ಮಗುವಿನ ಹಾಗೆ ಅಯ್ಯೋ ಎಂದ. ಅವನ ಕಣ್ಣಲ್ಲಿ ನೀರು ಬಂತು. ಅದು ಬೆರಳಿನ ನೋವಿಗೇ ಎಂದು ಅವನು ಆಮೇಲೂ ಸಾಧಿಸುತ್ತಿದ್ದ.

"ಹೋಗು," ಎಂದ ತಂಗಿಗೆ, ಅವಳ ಮುಖ ನೋಡದೆ. "ಅವನನ್ನ ಠಾಣೆಗೆ ಕರ್ಕೊಂಡು ಹೋಗಿ ಬಿಡು. ಬೇಗ ಹೋಗು. ಇಲ್ಲಾಂದ್ರೆ ನಾನು ಎದ್ದುಬಿಡ್ತೀನಿ."

ಅವಳು ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದಳು. ದೊಡ್ಡಣ್ಣ ಸ್ಟೂಲಿನ ತುದಿಯಲ್ಲಿ, ಏಳಲು ಹೊರಟವನ ಹಾಗೆ ಕೂತಿದ್ದ. ಪುಟ್ಟ ಮತ್ತೆ ಮಂಪರಿಗೆ ಜಾರಿದ್ದ, ಅವನ ಬೆರಳುಗಳು ಮಾತ್ರ ಆ ದಪ್ಪ ಮಣಿಕಟ್ಟಿನ ಮೇಲೆ ಹಾಗೇ ಇದ್ದವು. ಒಂದು ಸಲ ಕೊಡವಿದ್ದರೆ ಬಿಟ್ಟುಹೋಗುವ ಹಿಡಿತ. ದೊಡ್ಡಣ್ಣ ಕೊಡವಲಿಲ್ಲ. ಅವಳು ಓಡಿದಳು.